ಪರೀಕ್ಷೆಯ ವಾರದ ಹಡಗು

ಟ್ರಾವೆಲ್ಸ್ ಆಫೀಸಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿದ ಮೊದಲ ಪ್ರಶ್ನೆ, "ಮಕ್ಕಳು ಎಷ್ಟು ಜನ ಮೇಡಂ?"

"ಮಕ್ಕಳಿಲ್ಲ. ನಾವಿಬ್ಬರೇ," ಅಂದೆ.

"ಹಾಗಲ್ಲ ಮೇಡಂ, ಟ್ರಿಪ್ಪಿಗೆ ಬರೋ ಮಕ್ಕಳು ಎಷ್ಟು ಅಂತ ಕೇಳಿದ್ದು."

"ನಾನೂ ಅದಕ್ಕೇ ಹೇಳಿದ್ದು. ಮನೇಲೂ ಇಲ್ಲ, ಟ್ರಿಪ್ಪಿಗೂ ಇಲ್ಲ."

ಅವಳು ತಲೆ ಎತ್ತಿ ನೋಡಿದಳು. ಏನೋ ಕೇಳಬಾರದ್ದು ಕೇಳಿಬಿಟ್ಟೆ ಎನ್ನುವ ಗಾಬರಿ ಮುಖದಲ್ಲಿತ್ತು. ನಾನು ನಕ್ಕು, "ನೀನು ಹಡಗು ತೋರಿಸಮ್ಮ," ಎಂದೆ.

ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅಳಬೇಕಾದದ್ದನ್ನೆಲ್ಲ ನಾನು ಮೂವತ್ತು ದಾಟುವ ಹೊತ್ತಿಗೇ ಅತ್ತು ಮುಗಿಸಿದ್ದೇನೆ. ಈಗ ನನಗೆ ನಲವತ್ತೆಂಟು, ನನ್ನ ಗಂಡನಿಗೆ ಐವತ್ತಮೂರು. ಮನೆ ಭದ್ರಾವತಿಯಲ್ಲಿ. ಅವರದು ಮಾಚೇನಹಳ್ಳಿಯಲ್ಲಿ ಸಣ್ಣ ವರ್ಕ್‌ಶಾಪು. ಆಗ ಅಲ್ಲಿ ಕಬ್ಬಿಣ ಕಡೆಯುವ ಎರಡು ಲೇತು, ತಗಡು ಒತ್ತುವ ಒಂದು ಪ್ರೆಸ್ಸು, ನಾಲ್ಕು ಜನ ಕೆಲಸದವರು ಇದ್ದರು. ನಾನು ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ. ಬೆಳಿಗ್ಗೆ ಒಂದೇ ಕಾರಿನಲ್ಲಿ ಹೊರಡುತ್ತೇವೆ. ಅವರು ದಾರಿಯಲ್ಲಿ ಇಳಿಯುತ್ತಾರೆ, ಮುಂದೆ ನಾನೇ ಓಡಿಸಿಕೊಂಡು ಹೋಗುತ್ತೇನೆ.

ಮಕ್ಕಳಿಲ್ಲದವರ ಬದುಕಿನಲ್ಲಿ ಮಕ್ಕಳಿರುವುದಿಲ್ಲ ಎಂದು ಜನ ಅಂದುಕೊಂಡಿರುತ್ತಾರೆ. ನಮ್ಮ ಅನುಭವ ಹಾಗಲ್ಲ. ಮದುವೆಯಾದ ನಾಲ್ಕನೇ ವರ್ಷದಿಂದ ನಾವು ಹೋದ ಪ್ರತಿ ಪ್ರವಾಸದಲ್ಲೂ ಯಾರದೋ ಮಕ್ಕಳಿದ್ದರು. ಮೊದಲು ನನ್ನ ನಾದಿನಿಯ ಮಕ್ಕಳು, ಅವರು ಕಾಲೇಜು ಸೇರಿದ ಮೇಲೆ ನನ್ನ ಗಂಡನ ಅಣ್ಣನ ಮಕ್ಕಳು. "ನೀವಿಬ್ಬರೇ ಹೋಗಿ ಏನ್ ಮಾಡ್ತೀರಾ? ಇವರನ್ನೂ ಕರ್ಕೊಂಡು ಹೋಗಿ, ನಿಮಗೂ ಬೇಜಾರು ಕಳೆಯುತ್ತೆ," ಎನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇತ್ತು, ಅದನ್ನು ಅನುಮಾನಿಸುವುದಿಲ್ಲ. ನಮ್ಮ ಮಡಿಲಿಗೆ ಸ್ವಲ್ಪ ಹೊತ್ತು ಮಕ್ಕಳನ್ನು ಹಾಕಿದರೆ ನಮಗೆ ಉಪಕಾರ ಮಾಡಿದ ಹಾಗೆ ಎಂದು ಅವರು ನಂಬಿದ್ದರು. ಮೈಸೂರಿನ ಮೃಗಾಲಯವನ್ನು ಆರು ಸಲ ನೋಡಿದ್ದೇನೆ. ಊಟಿಯ ರೈಲಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಒಬ್ಬೊಬ್ಬರ ಮುಖದ ಮುಂದೆ ಕುಳಿತಿದ್ದೇನೆ. ಮುರುಡೇಶ್ವರಕ್ಕೆ ಎರಡು ಸಲ ಹೋದರೂ ನೀರಿಗೆ ಇಳಿಯಲಿಲ್ಲ. ಐದು ಜೊತೆ ಚಪ್ಪಲಿ, ಒಣಬಟ್ಟೆ, ಬ್ಯಾಗು ಕಾಯುತ್ತ ದಡದಲ್ಲಿ ಕೂತು ತಲೆ ಎಣಿಸುತ್ತಿದ್ದೆ. ಎರಡನೆಯ ಸಲ ವಾಪಸು ಬರುವಾಗ ಕಾರಿನಲ್ಲಿ ನನ್ನ ಗಂಡನಿಗೆ ಹೇಳಿದ್ದೆ, "ಒಂದು ಸಲ ನಾವಿಬ್ಬರೇ ಸಮುದ್ರಕ್ಕೆ ಹೋಗ್ಬೇಕು. ಮಕ್ಕಳೇ ಇಲ್ದಿರೋ ಕಡೆಗೆ." ಅವರು ಹೂಂ ಎಂದಿದ್ದರು. ಆಮೇಲೆ ಅದರ ಸುದ್ದಿ ಬಂದಿರಲಿಲ್ಲ.

ಹೋದ ವರ್ಷ ಜನವರಿಯಲ್ಲಿ ಸುದ್ದಿ ಎತ್ತಿದವಳು ನಾನೇ. ನಮ್ಮ ಅಂಗಡಿಗೆ ಕನ್ನಡಕಕ್ಕೆ ಬಂದಿದ್ದ ಒಬ್ಬ ಹೆಂಗಸು ಮುಂಬೈಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿಬಂದದ್ದನ್ನು ವರ್ಣಿಸಿದರು. ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಟ್ರಾವೆಲ್ಸ್ ಆಫೀಸಿನ ಮೆಟ್ಟಿಲು ಹತ್ತಿದೆ.

ಆ ಹುಡುಗಿ ಚುರುಕಾಗಿದ್ದಳು, ಮತ್ತು ಪ್ರಾಮಾಣಿಕಳು. ದೊಡ್ಡವರಿಗೆ ಮಾತ್ರ ಅಂತಲೇ ಇರುವ ಹಡಗುಗಳು ಇವೆಯಂತೆ, ಆದರೆ ಅವೆಲ್ಲ ಹೊರದೇಶದ ಬಂದರುಗಳಿಂದ ಹೊರಡುವಂಥವು. ನಮ್ಮ ಕಡೆಯಿಂದ ಹೊರಡುವ ಹಡಗಿನಲ್ಲಿ ಎಲ್ಲರೂ ಬರುತ್ತಾರೆ. ಅವಳು ನನ್ನ ಕೈಗಿಟ್ಟ ಬಣ್ಣದ ಪುಸ್ತಿಕೆಯ ಮುಖಪುಟದಲ್ಲೇ ನೀರಿನ ಜಾರುಬಂಡೆ, ಅದರಲ್ಲಿ ಬಾಯಿ ತೆರೆದು ಜಾರುತ್ತಿದ್ದ ಮಕ್ಕಳು. ಕೆಳಗೆ ದಪ್ಪ ಅಕ್ಷರದಲ್ಲಿ, ಬೇಸಿಗೆ ರಜೆಯಲ್ಲಿ ಇಬ್ಬರು ದೊಡ್ಡವರ ಜೊತೆ ಇಬ್ಬರು ಮಕ್ಕಳಿಗೆ ಉಚಿತ ಎಂದಿತ್ತು.

"ನಿಮಗೆ ಬೇಕಾದ್ದು ಇದ್ರಲ್ಲೂ ಇದೆ ಮೇಡಂ," ಎಂದು ಅವಳು ಒಳಗಿನ ಪುಟ ತಿರುಗಿಸಿದಳು. "ಹಿಂಭಾಗದಲ್ಲಿ ಒಂದು ಡೆಕ್ ಇದೆ, ಹದಿನೆಂಟು ವರ್ಷದ ಒಳಗಿನವರನ್ನ ಬಿಡಲ್ಲ. ರಾತ್ರಿ ಊಟ ಎರಡು ಪಂಕ್ತಿ. ಮಕ್ಕಳಿರೋರು ಮೊದಲನೇದಕ್ಕೆ ಹೋಗ್ತಾರೆ, ನೀವು ಎರಡನೇದು ತಗೊಳ್ಳಿ. ಸಸ್ಯಾಹಾರ ಬೇರೆ ಕೌಂಟರ್. ತಾರೀಕು ಮಾತ್ರ ನೋಡ್ಕೊಂಡು ಆರಿಸ್ಬೇಕು. ರಜೆಯಲ್ಲಿ ಹೋದ್ರೆ ಹಡಗು ತುಂಬ ಮಕ್ಕಳೇ."

ಪುಸ್ತಿಕೆಯನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ. ನಾನು ಮಾಡಿದ ತಪ್ಪೆಂದರೆ ಆ ಭಾನುವಾರ ಅದೇ ಬ್ಯಾಗು ಹಿಡಿದು ಭಾವನವರ ಮನೆಗೆ ಊಟಕ್ಕೆ ಹೋದದ್ದು.

ಭಾವನವರ ಮನೆ ಶಿವಮೊಗ್ಗದಲ್ಲಿ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಏಳನೇ ಕ್ಲಾಸು, ಚಿಕ್ಕವಳು ನಾಲ್ಕನೇ ಕ್ಲಾಸು. ಚಿಕ್ಕವಳಿಗೆ ನನ್ನ ಬ್ಯಾಗಿನಲ್ಲಿ ಚಾಕೊಲೇಟು ಹುಡುಕುವ ಹಕ್ಕು ಹುಟ್ಟಿದಾಗಿನಿಂದ ಇದೆ. ನಾನು ಅಡಿಗೆಮನೆಯಲ್ಲಿ ಹಪ್ಪಳ ಕರಿಯುತ್ತಿದ್ದಾಗ ಅವಳು ಪುಸ್ತಿಕೆ ಹಿಡಿದು ಓಡಿಬಂದಳು. "ಅಮ್ಮ, ಚಿಕ್ಕಮ್ಮ ನಮ್ಮನ್ನ ಹಡಗಿಗೆ ಕರ್ಕೊಂಡು ಹೋಗ್ತಾರೆ."

ನನ್ನ ಓರಗಿತ್ತಿ, ನಾನು ಅಕ್ಕ ಎಂದು ಕರೆಯುವವರು, ಕೈ ಒರೆಸಿಕೊಂಡು ಪುಸ್ತಿಕೆ ಇಸಕೊಂಡರು. ನಿಧಾನವಾಗಿ ಓದಿ, "ನೋಡು, ಇಬ್ಬರು ಮಕ್ಕಳಿಗೆ ಫ್ರೀ ಅಂತ ಹಾಕಿದಾನೆ. ಲೆಕ್ಕ ಮಾಡಿ ಇಟ್ಟ ಹಾಗಿದೆ ಮಾರಾಯ್ತಿ. ಏಪ್ರಿಲ್‌ನಲ್ಲಿ ಇವರಿಗೆ ರಜೆ," ಎಂದರು. ಮುಖದಲ್ಲಿ ಸಂತೋಷ ತುಂಬಿತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಎಣ್ಣೆಯಲ್ಲಿದ್ದ ಹಪ್ಪಳ ತಿರುವಿ ಹಾಕಿದೆ. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ನನ್ನ ಗಂಡನೂ ಏನೂ ಹೇಳಲಿಲ್ಲ. ವಾಪಸು ಭದ್ರಾವತಿಗೆ ಕಾರು ಓಡಿಸುತ್ತ ನಾನು, "ಯಾಕೆ ಸುಮ್ಮನೆ ಇದ್ರಿ?" ಎಂದೆ.

"ನೀನ್ಯಾಕೆ ಇದ್ದೆ?"

"ಅಕ್ಕನ ಮುಖ ನೋಡಿ ಹೇಳಕ್ಕಾಗಲಿಲ್ಲ."

"ನಂಗೆ ನಿನ್ನ ಮುಖ ನೋಡಿ ಆಗಲಿಲ್ಲ," ಎಂದರು ಅವರು. "ನೀನು ಒಪ್ಪಿಬಿಟ್ಟೆ ಅಂದ್ಕೊಂಡೆ."

ನಾನು ಒಪ್ಪಿರಲಿಲ್ಲ. ಆದರೆ ಬೇಡ ಎನ್ನುವ ಧೈರ್ಯದ ಬದಲು ನನಗೊಂದು ಉಪಾಯ ಹೊಳೆಯಿತು. ಕನ್ನಡಕದ ಅಂಗಡಿಯವರಿಗೆ ಶಾಲೆಯ ವರ್ಷ ಚೆನ್ನಾಗಿ ಗೊತ್ತು. ಜೂನಿನಲ್ಲಿ ಬೋರ್ಡು ಕಾಣುವುದಿಲ್ಲ ಎಂದು ಮಕ್ಕಳ ಸಾಲು, ರಜೆಯಲ್ಲಿ ಮುರಿದ ಫ್ರೇಮುಗಳ ಸಾಲು. ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆ ಶುರುವಾಯಿತೆಂದರೆ ಒಂದು ಮಗುವೂ ಅಂಗಡಿ ಕಡೆ ಸುಳಿಯುವುದಿಲ್ಲ. ಆ ವಾರ ಯಾವ ತಂದೆತಾಯಿಯೂ ಹಡಗು ಹತ್ತುವುದಿಲ್ಲ. ಸಮುದ್ರವೂ ಆಗ ಶಾಂತವಾಗಿರುತ್ತದೆ ಎಂದು ಟ್ರಾವೆಲ್ಸ್ ಹುಡುಗಿ ಹೇಳಿದ್ದಳು. ಒಂದೇ ಒಂದು ತೊಂದರೆ, ಪರೀಕ್ಷೆ ಶಾಲೆಯಿಂದ ಶಾಲೆಗೆ ಹಿಂದೆಮುಂದೆ ಆಗುತ್ತದೆ. ನಾನು ದೊಡ್ಡವಳಿಗೆ ಫೋನ್ ಮಾಡಿದೆ.

"ಪರೀಕ್ಷೆ ಯಾವಾಗ ಪುಟ್ಟಾ ನಿಂದು?"

ಅವಳು ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯನ್ನು ಒಂದೊಂದೇ ವಿಷಯವಾಗಿ ಓದಿ ಹೇಳಿದಳು. ವಿಜ್ಞಾನಕ್ಕೂ ಗಣಿತಕ್ಕೂ ನಡುವೆ ಒಂದೇ ದಿನ ಬಿಡುವು ಕೊಟ್ಟಿದ್ದಾರೆ ಎಂದು ದೂರಿದಳು. ತಂಗಿಯದೂ ಅದೇ ವಾರ ಎಂದಳು. "ಆಲ್ ದಿ ಬೆಸ್ಟ್ ಹೇಳಕ್ಕೆ ಕೇಳಿದ್ದಾ ಚಿಕ್ಕಮ್ಮ?" ಎಂದಳು. ಹೌದು ಎಂದೆ. ಲೆನ್ಸಿನ ಕವರಿನ ಹಿಂದೆ ತಾರೀಕುಗಳನ್ನು ಬರೆದುಕೊಂಡಿದ್ದೆ. ಅದೇ ಮಧ್ಯಾಹ್ನ ಹೋಗಿ ಆ ತಾರೀಕುಗಳ ನಡುವೆ ಹೊರಡುವ ಹಡಗಿಗೆ ಮುಂಗಡ ಕೊಟ್ಟುಬಂದೆ. ಮೆಟ್ಟಿಲಿಳಿಯುವಾಗ ಮನಸ್ಸು ಹಗುರವಾಗಿತ್ತು, ಆದರೂ ಆ ಕವರನ್ನು ಮಡಚಿ ಬ್ಯಾಗಿನ ತಳಕ್ಕೆ ತುರುಕಿದೆ.

ಕೋಣೆ ಆರಿಸುವ ಕೆಲಸವನ್ನು ನನ್ನ ಗಂಡನಿಗೆ ಬಿಟ್ಟೆ. ಹಡಗಿನ ಪ್ರತಿ ಅಂತಸ್ತಿನ ನಕ್ಷೆಯನ್ನು ಮುದ್ರಿಸಿ ತಂದುಕೊಟ್ಟಿದ್ದೆ. ಅವರು ವರ್ಕ್‌ಶಾಪಿನಲ್ಲಿ ಅದನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಬೋಲ್ಟು ಇಟ್ಟು, ದಿನವೂ ನೋಡುವ ಡ್ರಾಯಿಂಗಿನ ಹಾಗೇ ಓದಿದರು. ನಾನು ಸಂಜೆ ಕರೆದೊಯ್ಯಲು ಹೋದಾಗ ಅರ್ಧಕ್ಕರ್ಧ ಕೋಣೆಗಳ ಮೇಲೆ ಪೆನ್ಸಿಲಿನ ಇಂಟು ಗುರುತು ಬಿದ್ದಿತ್ತು.

"ಇದ್ರ ಮೇಲೆ ಈಜುಕೊಳ. ಬೆಳಿಗ್ಗೆ ಎದ್ದರೆ ಕುರ್ಚಿ ಎಳೆಯೋ ಸದ್ದು," ಎಂದರು. "ಇದು ಇಂಜಿನ್ ಕಡೆ, ಬೇಡ. ಇದು ಲಿಫ್ಟ್ ಪಕ್ಕ. ಇಲ್ಲಿ ಎದುರಿಗೇ ಮಕ್ಕಳ ಆಟದ ರೂಮು ಇದೆ ನೋಡು."

"ಕಿಟಕಿ ಇರೋದು ಬೇಕು ನಂಗೆ."

"ಇದೆ. ಮಧ್ಯಭಾಗ, ಕೆಳಗಿನ ಅಂತಸ್ತು. ತುದಿಗಳು ಎದ್ದು ಬಿದ್ದು ಮಾಡ್ತವೆ, ಮಧ್ಯ ಅಷ್ಟು ಅಲ್ಲಾಡಲ್ಲ. ಮೇಲೂ ಕೋಣೆ, ಕೆಳಗೂ ಕೋಣೆ. ಎಲ್ಲರೂ ಮಲಗೋ ಜಾಗ." ಒಂದು ಚೌಕಕ್ಕೆ ಸುತ್ತು ಹಾಕಿದರು. ಟ್ರಾವೆಲ್ಸ್ ಹುಡುಗಿ ಅದನ್ನು ನೋಡಿ, ಇಷ್ಟು ಚೆನ್ನಾಗಿ ಯಾರೂ ಆರಿಸಿದ್ದಿಲ್ಲ ಎಂದಳು.

ಫೆಬ್ರವರಿಯ ಒಂದು ಶನಿವಾರ ಅಕ್ಕ ಇಬ್ಬರು ಮಕ್ಕಳನ್ನೂ ಕರೆದುಕೊಂಡು ನಮ್ಮ ಅಂಗಡಿಗೆ ಬಂದರು. ಗಾಂಧಿ ಬಜಾರಿಗೆ ಬಟ್ಟೆಗೆಂದು ಬಂದವರು. ಕೌಂಟರಿನ ಮುಂದೆ ಕೂತು, "ಈಜೋ ಬಟ್ಟೆ ಈಗಲೇ ತಗೊಂಡು ಇಡಲಾ, ಏಪ್ರಿಲ್‌ನಲ್ಲಿ ಸಿಗಲ್ಲ," ಎಂದು ಕೇಳಿದರು. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಇನ್ನು ಹಪ್ಪಳ ತಿರುವಲು ಸಾಧ್ಯವಿರಲಿಲ್ಲ.

"ಅಕ್ಕ, ನಾವು ಹೋಗ್ತಿರೋದು ಮಾರ್ಚ್‌ನಲ್ಲಿ. ಬುಕ್ ಆಗಿದೆ."

"ಮಾರ್ಚ್‌ನಲ್ಲಿ ಇವರಿಗೆ ಪರೀಕ್ಷೆ ಅಲ್ವಾ?"

ನಾನು ಉತ್ತರಿಸುವ ಮೊದಲೇ ದೊಡ್ಡವಳು ಮಾತಾಡಿದಳು. "ಅದಕ್ಕೇ ನನ್ನ ಟೈಮ್‌ಟೇಬಲ್ ಕೇಳಿದ್ದಾ ಚಿಕ್ಕಮ್ಮ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಲೆಕ್ಕ ಬಿಡಿಸಿದವಳ ಹಾಗೆ ಕೇಳಿದಳು. ಅದೇ ನನ್ನನ್ನು ಹಿಡಿದು ನಿಲ್ಲಿಸಿತು. ಹನ್ನೆರಡು ವರ್ಷದವಳಿಂದ ಉಪಾಯವಾಗಿ ತಾರೀಕು ಕೇಳಿ ತಿಳಿದುಕೊಂಡಿದ್ದೆ. ಇನ್ನೊಂದು ಸುಳ್ಳು ಅವಳ ಮುಂದೆ ಬರುವುದಿಲ್ಲವೆನಿಸಿತು.

"ಹೌದು ಪುಟ್ಟಾ, ಅದಕ್ಕೇ ಕೇಳಿದ್ದು. ಹಾಗೆ ಕೇಳಿದ್ದು ನನ್ನ ತಪ್ಪು. ನೇರವಾಗಿ ಹೇಳ್ಬೇಕಿತ್ತು. ಈ ಸಲ ನಾನು, ಚಿಕ್ಕಪ್ಪ ಇಬ್ಬರೇ ಹೋಗಬೇಕು ಅಂತಿದೀವಿ."

ಅಕ್ಕನ ಮುಖ ಕೆಂಪಾಯಿತು. "ಮಕ್ಕಳು ಅಷ್ಟು ಭಾರ ಆಗೋದ್ರಾ ನಿಂಗೆ?"

"ಭಾರ ಅಲ್ಲಕ್ಕ. ಭಾರ ಆಗಿದ್ದಿದ್ರೆ ಇಷ್ಟು ವರ್ಷ ಕರ್ಕೊಂಡು ಹೋಗ್ತಿದ್ವಾ? ಮದುವೆ ಆದ್ಮೇಲೆ ನಾವಿಬ್ಬರೇ ಅಂತ ಎಲ್ಲಿಗಾದ್ರೂ ಹೋಗಿದ್ದು ನಿಮಗೆ ನೆನಪಿದ್ಯಾ? ನಂಗಂತೂ ಇಲ್ಲ."

"ಮಕ್ಕಳಿಲ್ಲ ಅಂತ ನಿಮ್ಮ ಸಂತೋಷಕ್ಕೇ ಅಲ್ವೇನೇ ಕಳಿಸ್ತಿದ್ದಿದ್ದು?"

"ಗೊತ್ತು. ಸಂತೋಷ ಆಗಿದೆ. ಈಗ ಇದೂ ಬೇಕು."

ಅಕ್ಕ ಎದ್ದರು. ಚಿಕ್ಕವಳು ಬಾಗಿಲ ಬಳಿ ಅಳಲು ಶುರುಮಾಡಿದಳು. ನಾನು ಹಿಂದೆ ಓಡಲಿಲ್ಲ. ಸಂಜೆ ಕಾರಿನಲ್ಲಿ ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು, "ಹೇಳಿದ್ದು ಒಳ್ಳೇದಾಯ್ತು. ನಾನೇ ಹೇಳ್ಬೇಕಿತ್ತು, ನನ್ನ ಅಣ್ಣನ ಮನೆ," ಎಂದರು.

ಮಾರ್ಚಿನಲ್ಲಿ ಹೊರಟೆವು. ಮುಂಬೈ ಬಂದರಿನಲ್ಲಿ ಹಡಗು ಕಂಡಾಗ, ಅಷ್ಟು ದೊಡ್ಡದನ್ನು ಹೇಗೆ ಬೆಸುಗೆ ಹಾಕಿದರೋ ಎಂದು ನನ್ನ ಗಂಡ ಕತ್ತೆತ್ತಿ ನಿಂತುಬಿಟ್ಟರು. ನನ್ನ ಲೆಕ್ಕ ಬಹುಪಾಲು ಸರಿಯಾಗಿತ್ತು. ಜಾರುಬಂಡೆ ಖಾಲಿ ಇತ್ತು. ಆಟದ ಕೋಣೆಯಲ್ಲಿ ಕೆಲಸದ ಹುಡುಗಿಯೊಬ್ಬಳು ಒಬ್ಬಳೇ ಬಲೂನು ಊದುತ್ತ ಕೂತಿದ್ದಳು. ಶಾಲೆಗೆ ಸೇರದ ಕೂಸುಗಳನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಂಥ ಐದಾರು ಇದ್ದವು. ಮೊದಲ ದಿನ ಊಟದ ಹಾಲ್‌ನಲ್ಲಿ ಒಂದು ಕೂಸು ಚಮಚ ಎಸೆದು ಕಿರುಚಿತು. ನಾವಿಬ್ಬರೂ ಒಟ್ಟಿಗೇ ಅರ್ಧ ಎದ್ದೆವು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡು ಕೂತೆವು. ಚಮಚ ಎತ್ತಿಕೊಡಲು ಅದರ ಅಪ್ಪ ಇದ್ದ.

ಆ ದಿನ ನಮಗೆ ಮಾತೇ ಹುಟ್ಟಲಿಲ್ಲ. ಪ್ರವಾಸದಲ್ಲಿ ನಾವು ಆಡುತ್ತಿದ್ದ ಮಾತು ಎಂದರೆ ಯಾರು ನೀರು ಕುಡಿದರು, ಯಾರ ಸ್ವೆಟರು ಎಲ್ಲಿ, ಇನ್ನೊಬ್ಬಳು ಎಲ್ಲಿ ಹೋದಳು ಎನ್ನುವುದೇ. ಅದು ಇಲ್ಲದೆ ಹೋದಾಗ ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಗಂಡಹೆಂಡಿರು ಬಸ್‌ಸ್ಟ್ಯಾಂಡಿನಲ್ಲಿ ಪರಿಚಯವಾದವರ ಹಾಗೆ ಕೂತಿದ್ದೆವು.

ಎರಡನೆಯ ದಿನ ಬೆಳಿಗ್ಗೆ ದೊಡ್ಡವರ ಡೆಕ್ಕಿಗೆ ಹೋದೆವು. ಬಿಳಿ ಮಂಚಗಳು, ಮೇಲೆ ನೆರಳಿನ ಬಟ್ಟೆ, ಕೆಳಗೆ ಹಡಗು ಸೀಳಿಕೊಂಡು ಬಂದ ನೀರಿನ ಬಿಳಿ ಗೆರೆ. ಗಾಳಿಯೂ ಮೆಲ್ಲಗಿತ್ತು. ನಮ್ಮನ್ನು ಬಿಟ್ಟರೆ ನಾಲ್ಕೈದು ಜನ, ಅವರೂ ಪುಸ್ತಕ ಹಿಡಿದವರು. ನಾನು ನನ್ನ ಗಂಡನ ಎಡಗಡೆಯ ಮಂಚದಲ್ಲಿ ಒರಗಿ, "ಕಾಫಿ ತರ್ಲಾ?" ಎಂದೆ. ಉತ್ತರವಿಲ್ಲ. ಕಣ್ಣು ತೆರೆದೇ ಇತ್ತು, ಸಮುದ್ರ ನೋಡುತ್ತಿದ್ದರು. ಮತ್ತೆ ಕೇಳಿದೆ. ಇಲ್ಲ. ಮುನಿಸೇ ಎಂದುಕೊಂಡೆ. ಎದ್ದು ಬಲಗಡೆಗೆ ಬಂದು ಅದೇ ದನಿಯಲ್ಲಿ ಕೇಳಿದೆ.

"ತಾ. ಸಕ್ಕರೆ ಕಮ್ಮಿ," ಎಂದರು.

ನಾನು ಕಾಫಿಗೆ ಹೋಗಲಿಲ್ಲ. ಅವರ ಮುಂದೆ ಕೂತೆ. "ರೀ, ಎಡಗಿವಿ ಕೇಳಿಸುತ್ತಾ ನಿಮಗೆ?"

ಅವರು ನೀರಿನ ಕಡೆ ನೋಡಿದರು. "ಎರಡು ವರ್ಷ ಆಯ್ತು," ಎಂದರು ಕೊನೆಗೆ. "ಪ್ರೆಸ್ ಬಡಿಯೋದು ದಿನವೂ ಆ ಕಿವಿ ಕಡೆಗೇ ಅಲ್ವಾ. ಮೊದಲು ಗುಂಯ್ ಅನ್ನೋದು. ಆಮೇಲೆ ಅದೂ ನಿಂತಿತು."

"ಹೇಳ್ಬಾರದಿತ್ತಾ?"

"ಏನಂತ ಹೇಳಲಿ? ನಡೀತಿತ್ತಲ್ಲ."

ನಡೆಯುತ್ತಿತ್ತು, ನಿಜ. ವರ್ಕ್‌ಶಾಪಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಕಾರಿನಲ್ಲಿ ಅವರೇ ಓಡಿಸುವಾಗ ನಾನು ಅವರ ಎಡಕ್ಕೆ ಕೂತಿರುತ್ತೇನೆ. ಅವರು ಉತ್ತರಿಸದಿದ್ದರೆ ರಸ್ತೆಯ ಮೇಲೆ ಗಮನವಿದೆ ಎಂದುಕೊಳ್ಳುತ್ತಿದ್ದೆ. ಪ್ರವಾಸದಲ್ಲಿ ಮಕ್ಕಳ ಗಲಾಟೆ. ದಿನಕ್ಕೆ ಮೂವತ್ತು ಜನರ ಕಣ್ಣು ನೋಡುವ ನಾನು ಪಕ್ಕದಲ್ಲಿದ್ದವರ ಕಿವಿಯನ್ನು ಗಮನಿಸಿರಲಿಲ್ಲ. ಅದಕ್ಕೆ ಇಷ್ಟು ನಿಶ್ಶಬ್ದವಾದ ಜಾಗ ಬೇಕಾಯಿತು. ನನಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು. ಊರಿಗೆ ಹೋದ ಮೊದಲ ವಾರವೇ ಡಾಕ್ಟರ ಹತ್ತಿರ ಹೋಗುವುದೆಂದು ಮಾತು ತೆಗೆದುಕೊಂಡೆ.

ಅದಾದ ಮೇಲೆ ನಾನು ಬಲಗಡೆಯೇ ಕೂರತೊಡಗಿದೆ, ಮಾತು ತಾನಾಗಿ ಬಂತು. ಪ್ರೆಸ್ಸಿನ ಕೆಲಸ ನಿಲ್ಲಿಸಿ ಬರೀ ಲೇತಿನದಷ್ಟೇ ಇಟ್ಟುಕೊಳ್ಳುವ ಯೋಚನೆ ವರ್ಷದಿಂದ ಅವರ ತಲೆಯಲ್ಲಿತ್ತಂತೆ. ನನಗೂ ಸ್ವಂತ ಅಂಗಡಿ ತೆರೆಯುವ ಆಸೆ ಇರುವುದನ್ನು ಹೇಳಿದೆ. ದ್ವೀಪದಲ್ಲಿ ಇಳಿದ ದಿನ ಚಪ್ಪಲಿಗಳನ್ನು ದಡದಲ್ಲಿ ಹಾಗೇ ಬಿಟ್ಟು ಎದೆಮಟ್ಟದ ನೀರಿನಲ್ಲಿ ಒಂದು ಗಂಟೆ ನಿಂತಿದ್ದೆವು. ನೀರು ಎಷ್ಟು ತಿಳಿಯಾಗಿತ್ತೆಂದರೆ ನನ್ನ ಕಾಲುಂಗುರ ಕಾಣುತ್ತಿತ್ತು. ಮಕ್ಕಳಿದ್ದಿದ್ದರೆ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಅನ್ನಿಸಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತೇನೋ, ಆದರೆ ಅದು ನಿಜವಲ್ಲ.

ಊರಿಗೆ ಬಂದು ಡಾಕ್ಟರಿಗೆ ತೋರಿಸಿದೆವು. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಈಗ ಎಡಗಿವಿಗೆ ಸಣ್ಣ ಯಂತ್ರವಿದೆ. ಪ್ರೆಸ್ಸನ್ನು ಮಾರಿದ್ದಾಯಿತು.

ಅಕ್ಕ ಎರಡೂವರೆ ತಿಂಗಳು ಮಾತು ಬಿಟ್ಟರು. ನಾನು ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದೆ, ಭಾವ ಎತ್ತಿ ಕ್ಷೇಮ ಹೇಳುತ್ತಿದ್ದರು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಕ್ಕ ದೊಡ್ಡವಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಹುಡುಗಿಗೆ ದೂರದ್ದು ಮಸುಕಾಗುತ್ತಿತ್ತು. ನಾನು ನಂಬರು ನೋಡಿದೆ, ಫ್ರೇಮು ಆರಿಸಿಕೊಟ್ಟೆ. ಅವಳು ಕನ್ನಡಿ ಮುಂದೆ ನಿಂತಿದ್ದಾಗ ಅಕ್ಕ ಕೌಂಟರಿನ ಗಾಜನ್ನು ಬೆರಳಿನಿಂದ ಉಜ್ಜುತ್ತ, "ಊಟ ಹೇಗಿತ್ತೇ ಅಲ್ಲಿ?" ಎಂದು ಕೇಳಿದರು.

ಊಟದಿಂದ ಶುರುಮಾಡಿ ಎಲ್ಲ ಹೇಳಿದೆ, ನನ್ನ ಗಂಡನ ಕಿವಿಯ ವಿಷಯವನ್ನೂ. ಅದನ್ನು ಕೇಳಿ ಅಕ್ಕ ಗಾಜು ಉಜ್ಜುವುದನ್ನು ನಿಲ್ಲಿಸಿದರು. ಆಮೇಲೆ, "ನಾನು, ನಿನ್ನ ಭಾವ ಇಬ್ಬರೇ ಎಲ್ಲಾದ್ರೂ ಹೋದ್ರೆ ನಮಗೂ ಏನೇನು ಗೊತ್ತಾಗುತ್ತೋ," ಎಂದರು. ನಗುತ್ತಿದ್ದರೋ ಇಲ್ಲವೋ ಹೇಳುವುದು ಕಷ್ಟವಾಗಿತ್ತು.

"ಹೋಗಿಬನ್ನಿ ಅಕ್ಕ. ಮಕ್ಕಳು ನಮ್ಮ ಮನೇಲಿರ್ಲಿ."

"ನೋಡೋಣ," ಎಂದರು.

ಮೊನ್ನೆ ನಾನೇ ಅವರಿಗೆ ಫೋನ್ ಮಾಡಿದೆ. ಯಾರ ಪರೀಕ್ಷೆಯ ತಾರೀಕನ್ನೂ ಕೇಳದೆ ವಿಷಯ ಹೇಳಿದೆ. ಈ ವರ್ಷ ಎರಡು ಪ್ರವಾಸ ಅಕ್ಕ, ಒಂದು ಮಕ್ಕಳ ಜೊತೆ, ಒಂದು ನಾವಿಬ್ಬರೇ ಎಂದೆ.

"ಮೊದಲು ಯಾವುದು?" ಎಂದು ಕೇಳಿದರು ಅಕ್ಕ.

"ನಮ್ಮಿಬ್ಬರದು," ಎಂದೆ.